ಎಲ್ಲರಿಗೂ ಒಂದೇ ಹೈಕಾ, ಕೆಲಸ ನೋಡಿ ಹೈಕಾ? ಆರಿಸಿಕೊಳ್ಳುವ ಮುನ್ನ

ವರ್ಷಕ್ಕೊಮ್ಮೆ ಬರುವ ಆ ವಾರ ನಿಮಗೂ ಗೊತ್ತು. ಸಂಬಳದ ಹೈಕು, ಅಂದರೆ ಏರಿಕೆ, ಎಷ್ಟು ಅಂತ ಬರೆದ ಇನ್‌ಕ್ರಿಮೆಂಟ್ ಲೆಟರ್ ಕೈಗೆ ಬಂದ ದಿನ ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ಸಂಜೆ ಮನೆಗೆ ಹೊರಡುವಷ್ಟರಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ. ಆ ಲೆಟರನ್ನು ನಾನು ಎಷ್ಟೋ ವರ್ಷ ತೆಗೆದುಕೊಂಡಿದ್ದೇನೆ. ಆಮೇಲೆ ಕೆಲವು ವರ್ಷ ಕೊಟ್ಟೂ ಇದ್ದೇನೆ. ತೆಗೆದುಕೊಳ್ಳುವುದಕ್ಕಿಂತ ಕೊಡುವುದೇ ಕಷ್ಟ.

ಕೊಡುವವರ ಮುಂದಿರುವ ಪ್ರಶ್ನೆ ಹಳೆಯದು. ಎಲ್ಲರಿಗೂ ಸಂಬಳ ಒಂದೇ ಸಮ ಏರಿಸೋದಾ, ಇಲ್ಲ ಕೆಲಸ ನೋಡಿ ಒಬ್ಬೊಬ್ಬರಿಗೆ ಒಂದೊಂದು ಥರ ಕೊಡೋದಾ? ಮೊದಲನೆಯದು ಮಾಡಿದರೆ ಚೆನ್ನಾಗಿ ದುಡಿಯುವವರ ಮುಖ ಸಣ್ಣದಾಗುತ್ತದೆ. ಎರಡನೆಯದು ಮಾಡಿದರೆ ಉಳಿದವರೆಲ್ಲರ ಮುಖ. ಹೀಗಾಗಿ ಎಷ್ಟೋ ಕಡೆ ಎರಡನ್ನೂ ಅರ್ಧಂಬರ್ಧ ಮಾಡಿ, ಎರಡರ ನಷ್ಟವನ್ನೂ ಅನುಭವಿಸುತ್ತಾರೆ. ಸಣ್ಣ ವ್ಯಾಪಾರ ನಡೆಸುವವರು, ಹತ್ತು ಹದಿನೈದು ಜನರ ಟೀಮು ನೋಡಿಕೊಳ್ಳುವವರು, ಎಚ್‌ಆರ್‌ನಲ್ಲಿ ಇರುವವರು ಈ ವರ್ಷದ ಪಟ್ಟಿ ಮಾಡುವ ಮೊದಲು ನೋಡಿಕೊಳ್ಳಬೇಕಾದ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ.

ಒಂದೇ ಸಮ ಅಂದರೆ ಯಾವ ಒಂದೇ ಸಮ?

ಇದನ್ನು ಕೇಳಿಕೊಳ್ಳದೇ ಮುಂದೆ ಹೋಗುವವರೇ ಜಾಸ್ತಿ. ಎಲ್ಲರಿಗೂ ಶೇಕಡಾ 10 ಕೊಡುವುದು ಒಂದು. ಎಲ್ಲರಿಗೂ 5 ಸಾವಿರ ಕೊಡುವುದು ಇನ್ನೊಂದು. ಎರಡನ್ನೂ ಜನ ‘ಸಮ’ ಅಂತಲೇ ಕರೆಯುತ್ತಾರೆ, ಆದರೆ ಎರಡೂ ಮಾಡುವ ಕೆಲಸ ಬೇರೆ ಬೇರೆ.

ತಿಂಗಳಿಗೆ 20 ಸಾವಿರ ತೆಗೆದುಕೊಳ್ಳುವ ಒಬ್ಬರು, 80 ಸಾವಿರ ತೆಗೆದುಕೊಳ್ಳುವ ಒಬ್ಬರು ಇದ್ದಾರೆ ಅಂದುಕೊಳ್ಳಿ. ಶೇಕಡಾ 10 ಕೊಟ್ಟರೆ ಮೊದಲನೆಯವರಿಗೆ 2 ಸಾವಿರ ಸಿಗುತ್ತದೆ, ಎರಡನೆಯವರಿಗೆ 8 ಸಾವಿರ. ಇಬ್ಬರ ನಡುವಿನ ಅಂತರ 60 ಸಾವಿರದಿಂದ 66 ಸಾವಿರಕ್ಕೆ ಏರಿತು. ಅದೇ 10 ಸಾವಿರವನ್ನು ತಲಾ 5 ಸಾವಿರ ಅಂತ ಹಂಚಿದರೆ ಅಂತರ 60 ಸಾವಿರದಲ್ಲೇ ನಿಲ್ಲುತ್ತದೆ. ಕೆಳಗಿನವರಿಗೆ ಅದು ಶೇಕಡಾ 25ರಷ್ಟು ಏರಿಕೆ, ಮೇಲಿನವರಿಗೆ ಆರೂಕಾಲು ಅಷ್ಟೇ. ನಿಮ್ಮ ಜೇಬಿನಿಂದ ಹೋದದ್ದು ಎರಡೂ ಸಲ ಅಷ್ಟೇ ದುಡ್ಡು.

ಹಾಲು, ತರಕಾರಿ, ಬಾಡಿಗೆ, ಶಾಲೆಯ ಫೀಸು ಏರಿದ್ದಕ್ಕಾಗಿ ನೀವು ಸಂಬಳ ಏರಿಸುತ್ತಿದ್ದರೆ, ಒಂದೇ ಮೊತ್ತ ಕೊಡುವುದಕ್ಕೆ ನ್ಯಾಯವಿದೆ. ಕಡಿಮೆ ಸಂಬಳದವರ ದುಡ್ಡಿನಲ್ಲಿ ಹೆಚ್ಚಿನ ಪಾಲು ಇಂಥವಕ್ಕೇ ಹೋಗುವುದು. ಆದರೆ ಹೀಗೇ ನಾಲ್ಕೈದು ವರ್ಷ ನಡೆಸಿದರೆ ಅನುಭವ, ಜವಾಬ್ದಾರಿ ಜಾಸ್ತಿ ಇರುವವರಿಗೆ ಹೊರಗಡೆ ಸಿಗುವ ಸಂಬಳಕ್ಕೂ ನೀವು ಕೊಡುವುದಕ್ಕೂ ತಾಳೆಯೇ ಆಗದ ಹಾಗಾಗುತ್ತದೆ. ಒಂದು ವರ್ಷ ಮೊತ್ತ, ಇನ್ನೊಂದು ವರ್ಷ ಶೇಕಡಾವಾರು ಅಂತ ನಡೆಸುವವರೂ ಇದ್ದಾರೆ. ಕೇಳುವುದಕ್ಕೆ ವಿಚಿತ್ರ ಅನಿಸಿದರೂ ಅದರಲ್ಲಿ ತಪ್ಪೇನಿಲ್ಲ. ಯಾವ ವರ್ಷ ಯಾಕೆ ಅಂತ ಮೊದಲೇ ಹೇಳಿದ್ದರೆ ಸಾಕು.

ಎಲ್ಲರಿಗೂ ಒಂದೇ ಕೊಟ್ಟಾಗ

ಇದರ ಬಗ್ಗೆ ಈಗಿನ ಮ್ಯಾನೇಜರ್‌ಗಳಿಗೆ ಒಂಥರಾ ತಾತ್ಸಾರ. ಸೋಮಾರಿಗಳ ಪದ್ಧತಿ ಅಂತಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ಸುಲಭ, ಜಗಳ ಕಡಿಮೆ. ಮ್ಯಾನೇಜರ್ ಮುಂದೆ ಹಲ್ಲು ಕಿರಿಯುವವರಿಗೆ ಲಾಭವಿಲ್ಲ. ಒಬ್ಬರಿಗೊಬ್ಬರು ಕೆಲಸ ಹೇಳಿಕೊಡುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ, ಯಾಕೆಂದರೆ ಪಕ್ಕದವರು ಕಲಿತರೆ ತನ್ನ ಪಾಲು ಕಮ್ಮಿಯಾಗುವ ಭಯವಿಲ್ಲ. ಹಲವರು ಕೈ ಸೇರಿಸಿದರೆ ಮಾತ್ರ ಮುಗಿಯುವ ಕೆಲಸಗಳಲ್ಲಿ ಇದು ಸಣ್ಣ ಲಾಭವಲ್ಲ.

ತೊಂದರೆ ಏನು ಅನ್ನುವುದಕ್ಕೆ ನಮ್ಮಲ್ಲಿ ಮಾತಿದೆಯಲ್ಲ, ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅಂತ. ನಾರಿಗೇನೋ ಖುಷಿಯೇ. ಹೂವಿಗೆ ಎಷ್ಟು ವರ್ಷ ಖುಷಿ?

ನನ್ನ ಹತ್ತಿರ ಕೆಲಸ ಮಾಡುತ್ತಿದ್ದ ಒಬ್ಬರು ಬಹಳ ಮಿತಭಾಷಿ. ಯಾರ ಕೆಲಸ ಕೆಟ್ಟರೂ ಕೊನೆಗೆ ಅವರ ಹತ್ತಿರವೇ ಬರುತ್ತಿತ್ತು. ಮೂರು ವರ್ಷ ಎಲ್ಲರಿಗೂ ಸಿಕ್ಕಷ್ಟೇ ಅವರಿಗೂ ಸಿಕ್ಕಿತು. ಒಮ್ಮೆಯೂ ದೂರು ಹೇಳಲಿಲ್ಲ. ನಾಲ್ಕನೆಯ ವರ್ಷ ರಾಜೀನಾಮೆ ಕೊಟ್ಟರು. ಹೊಸ ಕಡೆ ಎಷ್ಟು ಜಾಸ್ತಿ ಕೊಡುತ್ತಾರೆ ಅಂತ ಕೇಳಿದೆ. ‘ಹೆಚ್ಚುಕಮ್ಮಿ ಇಷ್ಟೇ ಸರ್’ ಅಂದರು. ಅವರು ಮಾಡುತ್ತಿದ್ದದ್ದು ನಮ್ಮ ಕಣ್ಣಿಗೆ ಬಿದ್ದಿದೆ ಅನ್ನುವ ಒಂದು ಗುರುತನ್ನೂ ನಾವು ಮೂರು ವರ್ಷದಲ್ಲಿ ತೋರಿಸಿರಲಿಲ್ಲ. ಸಂಬಳದಲ್ಲೂ ಇಲ್ಲ, ಮಾತಿನಲ್ಲೂ ಇಲ್ಲ.

ಹಾಗಾಗಿ ಸಮಾನ ಏರಿಕೆಯ ನಿಜವಾದ ಬೆಲೆ ಕಟ್ಟುವುದು ಕಷ್ಟ. ಜಗಳ ಕಣ್ಣಿಗೆ ಕಾಣುತ್ತದೆ. ಸುಮ್ನೆ ಎದ್ದು ಹೋದವರು ಕಾಣುವುದಿಲ್ಲ.

ಕೆಲಸ ನೋಡಿ ಕೊಟ್ಟಾಗ

ಈ ಕಡೆಯ ವಾದಕ್ಕೆ ಬಲವಾದ ಸಾಕ್ಷಿ ಕಾರಿನ ಗಾಜು ಹಾಕುವವರದು. ಅಮೆರಿಕದ ಸೇಫ್‌ಲೈಟ್ ಅನ್ನುವ ಕಂಪನಿ 1990ರ ದಶಕದ ನಡುವಿನಲ್ಲಿ ಗಂಟೆಯ ಲೆಕ್ಕದ ಕೂಲಿ ಬಿಟ್ಟು, ಹಾಕಿದ ಗಾಜಿನ ಲೆಕ್ಕದಲ್ಲಿ ಕೂಲಿ ಕೊಡಲು ಶುರು ಮಾಡಿತು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಝಿಯರ್ ಅದರ ಲೆಕ್ಕ ತೆಗೆದು 2000ದಲ್ಲಿ ಪ್ರಕಟಿಸಿದರು. ಒಬ್ಬೊಬ್ಬ ಕೆಲಸಗಾರರ ಕೆಲಸ ಸರಾಸರಿ ಶೇಕಡಾ 44ರಷ್ಟು ಹೆಚ್ಚಾಗಿತ್ತು. ಅವರ ಕೈಗೆ ಸೇರುವ ದುಡ್ಡು ಸುಮಾರು ಶೇಕಡಾ 10ರಷ್ಟು ಹೆಚ್ಚಾಯಿತು.

ಈ 44 ಅನ್ನುವ ಅಂಕಿಯನ್ನಷ್ಟೇ ಹೇಳಿ ಮುಗಿಸುವವರು ಬಹಳ. ಅದರೊಳಗೆ ಏನಿದೆ ಅಂತ ನೋಡಬೇಕು. ಇದ್ದ ಕೆಲಸಗಾರರೇ ಚುರುಕಾದದ್ದರಿಂದ ಬಂದದ್ದು ಅದರಲ್ಲಿ ಸುಮಾರು ಅರ್ಧ. ಉಳಿದದ್ದರಲ್ಲಿ ದೊಡ್ಡ ಪಾಲು ಜನ ಬದಲಾದದ್ದರಿಂದ ಬಂತು. ಕೈ ಚುರುಕಿನವರು ಬಿಟ್ಟು ಹೋಗುವುದು ಕಡಿಮೆಯಾಯಿತು, ಹೊಸದಾಗಿ ಸೇರುವವರೂ ಅಂಥವರೇ ಆದರು. ಅಂದರೆ ಸಂಬಳದ ಪದ್ಧತಿ ಇರುವವರನ್ನು ಹುರಿದುಂಬಿಸುವಷ್ಟೇ, ಯಾರು ಉಳಿಯುತ್ತಾರೆ ಯಾರು ಹೋಗುತ್ತಾರೆ ಅನ್ನುವುದನ್ನೂ ತೀರ್ಮಾನಿಸುತ್ತದೆ. ಮೇಲೆ ಹೇಳಿದ ಆ ಮಿತಭಾಷಿಯ ಕಥೆಯನ್ನು ತಿರುಗಿಸಿ ಓದಿದ ಹಾಗೆ.

ಅಲ್ಲಿ ಇನ್ನೂ ಎರಡು ವಿವರ ಇವೆ. ಒಂದು, ಹಳೆಯ ಕೂಲಿಗಿಂತ ಕಡಿಮೆ ಆಗುವುದಿಲ್ಲ ಅಂತ ಭರವಸೆ ಕೊಟ್ಟಿದ್ದರು. ಗಾಜು ಎಷ್ಟೇ ಕಡಿಮೆ ಹಾಕಿದರೂ ಮೊದಲಿನಷ್ಟು ಸಿಗುತ್ತಿತ್ತು. ಎರಡು, ಅವಸರದಲ್ಲಿ ಹಾಕಿದ ಗಾಜು ಹಾಳಾದರೆ ಹಾಕಿದವರೇ ಕೂಲಿ ಇಲ್ಲದೇ ಮತ್ತೆ ಹಾಕಿಕೊಡಬೇಕಿತ್ತು. ಈ ಎರಡನೆಯದು ಇಲ್ಲದಿದ್ದರೆ 44 ಅನ್ನುವ ಅಂಕಿ ಬಂದರೂ ಗಾಜುಗಳು ಅಲ್ಲಾಡುತ್ತಿದ್ದವೇನೋ.

ಈಗ ನಿಮ್ಮ ಕಡೆಗೆ ಬನ್ನಿ. ನಿಮ್ಮಲ್ಲಿ ಒಬ್ಬರು ಮಾಡಿದ್ದನ್ನು ಗಾಜಿನ ಹಾಗೆ ಎಣಿಸಬಹುದಾ? ಅದು ಆ ಒಬ್ಬರದೇ ಕೆಲಸವಾ? ಕೆಟ್ಟರೆ ಯಾರದು ಅಂತ ಗೊತ್ತಾಗುತ್ತದಾ? ಮೂರಕ್ಕೂ ಹೌದು ಅನ್ನುವ ಹಾಗಿದ್ದರೆ ಹೆಚ್ಚು ಯೋಚನೆ ಬೇಡ, ಕೆಲಸ ನೋಡಿಯೇ ಕೊಡಿ. ನಮ್ಮಲ್ಲಿ ಬಹಳಷ್ಟು ಜನರ ಕೆಲಸ ಹಾಗಿಲ್ಲ, ಅಲ್ವಾ?

ಎಣಿಸಲು ಆಗದಾಗ ರೇಟಿಂಗ್ ಬರುತ್ತದೆ

ಎಣಿಸಲಾಗದ ಕೆಲಸಕ್ಕೆ ಮ್ಯಾನೇಜರ್ ಕಣ್ಣೇ ಅಳತೆಗೋಲು. ಒಂದರಿಂದ ಐದರವರೆಗೆ ಅಂಕ, ಆ ಅಂಕದ ಮೇಲೆ ಹೈಕು. ಈ ಅಂಕ ಯಾರನ್ನು ಅಳೆಯುತ್ತದೆ? 2000ದಲ್ಲಿ ಸ್ಕಲನ್, ಮೌಂಟ್, ಗಾಫ್ ಅನ್ನುವ ಮೂವರು ಸಂಶೋಧಕರು ನಾಲ್ಕು ಸಾವಿರಕ್ಕೂ ಹೆಚ್ಚು ಮ್ಯಾನೇಜರ್‌ಗಳಿಗೆ ಸಿಕ್ಕ ಅಂಕಗಳನ್ನು ಬಿಡಿಸಿ ನೋಡಿದರು. ಒಬ್ಬೊಬ್ಬರಿಗೂ ಮೇಲಿನವರು, ಜೊತೆಯವರು, ಕೆಳಗಿನವರು ಎಲ್ಲ ಅಂಕ ಕೊಟ್ಟಿದ್ದರು. ಅಂಕಗಳ ನಡುವಿನ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ಅಂಕ ಕೊಟ್ಟವರ ಸ್ವಭಾವದಿಂದ ಬಂದದ್ದು. ಅಂಕ ಪಡೆದವರ ಕೆಲಸದಿಂದ ಬಂದದ್ದು ಅದಕ್ಕಿಂತ ಬಹಳ ಕಡಿಮೆ. ನಿಮ್ಮ ರೇಟಿಂಗ್ ಅಂದುಕೊಂಡದ್ದು ಅರ್ಧದಷ್ಟು ನಿಮ್ಮ ಬಾಸಿನ ರೇಟಿಂಗ್!

ಈ ಕಡೆ ಅಂಕ ಪಡೆಯುವವರೂ ಸುಲಭದವರಲ್ಲ. 1981ರಲ್ಲಿ ಓಲಾ ಸ್ವೆನ್ಸನ್ ಅನ್ನುವ ಸಂಶೋಧಕರು ಕಾರು ಓಡಿಸುವವರನ್ನು ಕೇಳಿದಾಗ, ಅಮೆರಿಕದ ಗುಂಪಿನಲ್ಲಿ ಶೇಕಡಾ 93 ಮಂದಿ ತಾವು ಚಾಲಕರ ಮೇಲಿನ ಅರ್ಧದಲ್ಲಿ ಇದ್ದೇವೆ ಅಂದರಂತೆ. ಆಫೀಸಿನಲ್ಲೂ ಇದೇ ಕಥೆ. ಹತ್ತು ಜನರಲ್ಲಿ ಎಂಟು ಜನ ತಾವು ಸರಾಸರಿಗಿಂತ ಮೇಲೆ ಅಂತ ನಂಬಿರುವಾಗ, ಅವರಲ್ಲಿ ಮೂರ್ನಾಲ್ಕು ಮಂದಿಗೆ ‘ನೀವು ಸರಾಸರಿ’ ಅಂತ ಕಾಗದದಲ್ಲಿ ಬರೆದುಕೊಡುವುದೇ ಅಪ್ರೈಸಲ್.

ಇದಕ್ಕೆ ಬೆಲ್ ಕರ್ವ್ ಸೇರಿದರೆ ಮುಗಿಯಿತು. ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ ಇರಲೇಬೇಕು ಅನ್ನುವ ನಿಯಮ ಅದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ಜನರನ್ನು ಶೇಕಡಾ 20, 70, 10 ಅಂತ ಹಂಚಿದ್ದು ಅದರ ಹೆಸರಾಂತ ರೂಪ. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಪದ್ಧತಿಯನ್ನು ಕೈಬಿಟ್ಟಿತು. ನಾನು ಕೆಲಸ ಮಾಡಿದ ಒಂದು ಕಡೆಯೂ ಇದು ಇತ್ತು. ನನ್ನ ಕೈಕೆಳಗೆ ಏಳು ಜನ, ಏಳೂ ಜನ ಸರಿಯಾಗೇ ದುಡಿದಿದ್ದರು. ಒಬ್ಬರನ್ನು ಕೆಳಗೆ ಹಾಕಲೇಬೇಕು ಅಂತ ಮೇಲಿನಿಂದ ಮೇಲ್ ಬಂತು. ಆ ವರ್ಷ ಕಾಯಿಲೆಯಿಂದ ಎರಡು ತಿಂಗಳು ರಜೆ ಹಾಕಿದ್ದವರ ಹೆಸರು ಬರೆದೆ. ಬರೆದದ್ದು ನಾನೇ. ನಿಯಮದ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಈಗಲೂ ಆಗುವುದಿಲ್ಲ.

ಹತ್ತು ಇಪ್ಪತ್ತು ಜನರ ಟೀಮಿಗೆ ಬೆಲ್ ಕರ್ವ್ ಹಾಕಬೇಡಿ. ಇದನ್ನು ಹೋಲಿಕೆಯ ಪಟ್ಟಿಯಲ್ಲೂ ಇಟ್ಟುಕೊಳ್ಳುವ ಅಗತ್ಯವಿಲ್ಲ.

ಬೆಣ್ಣೆ, ಸುಣ್ಣ

ಒಬ್ಬರ ಕಣ್ಣಿಗೆ ಬೆಣ್ಣೆ, ಇನ್ನೊಬ್ಬರ ಕಣ್ಣಿಗೆ ಸುಣ್ಣ ಅನ್ನುತ್ತೇವೆ. ಬೆಣ್ಣೆ ಹಚ್ಚಿಸಿಕೊಂಡ ಕಣ್ಣಿಗೆ ಆಗುವ ಸುಖಕ್ಕಿಂತ ಸುಣ್ಣ ಬಿದ್ದ ಕಣ್ಣಿನ ಉರಿ ದೊಡ್ಡದು. ಇದು ಬರೀ ಗಾದೆಯಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ಮಾಡಿದ ಅಧ್ಯಯನ 2012ರಲ್ಲಿ ಬಂತು. ಎಲ್ಲರ ಸಂಬಳ ನೋಡಬಹುದಾದ ವೆಬ್‌ಸೈಟ್ ಇದೆ ಅಂತ ಕೆಲವರಿಗೆ ತಿಳಿಸಿದರು. ಜೊತೆಯವರಿಗಿಂತ ಕಡಿಮೆ ಪಡೆಯುತ್ತಿದ್ದವರಿಗೆ ಕೆಲಸದ ಮೇಲೆ ಬೇಸರ ಹೆಚ್ಚಿತು, ಬೇರೆ ಕೆಲಸ ಹುಡುಕುವ ಮನಸ್ಸೂ ಬಂತು. ಹೆಚ್ಚು ಪಡೆಯುತ್ತಿದ್ದವರಿಗೆ ಖುಷಿಯೇನೂ ಹೆಚ್ಚಲಿಲ್ಲ.

ಹಾಗಾದರೆ ವ್ಯತ್ಯಾಸ ಮಾಡುವುದೇ ತಪ್ಪಾ? ಇಲ್ಲ. ಇದಕ್ಕೆ ನನಗೆ ತೃಪ್ತಿ ಕೊಟ್ಟ ಉತ್ತರ ಇನ್ನೊಂದು ಅಧ್ಯಯನದಲ್ಲಿ ಸಿಕ್ಕಿತು. ಎಮಿಲಿ ಬ್ರೆಝಾ, ಸುಪ್ರೀತ್ ಕೌರ್, ಯೋಗಿತಾ ಶಾಮ್‌ದಾಸಾನಿ ಮೂವರೂ ಸೇರಿ ಭಾರತದ ಕೂಲಿ ಕೆಲಸಗಾರರ ಜೊತೆ ಮಾಡಿ, 2018ರಲ್ಲಿ ಪ್ರಕಟಿಸಿದ್ದು. ಒಂದು ತಿಂಗಳ ಕೆಲಸ, ಮೂರು ಮೂರು ಜನರ ಗುಂಪು. ಕೆಲವು ಗುಂಪಿನಲ್ಲಿ ಮೂವರಿಗೂ ಒಂದೇ ಕೂಲಿ, ಕೆಲವು ಗುಂಪಿನಲ್ಲಿ ಬೇರೆ ಬೇರೆ. ಯಾರು ಎಷ್ಟು ಮಾಡುತ್ತಿದ್ದಾರೆ ಅಂತ ಪಕ್ಕದವರಿಗೆ ಕಾಣದ ಕೆಲಸಗಳಲ್ಲಿ, ಕೂಲಿ ಬೇರೆ ಬೇರೆ ಆದ ಕೂಡಲೇ ಕೆಲಸ ಬಿತ್ತು. ಹಾಜರಿಯೂ 18 ಶೇಕಡಾ ಅಂಶದಷ್ಟು, ಅಂದರೆ ನೂರಕ್ಕೆ 18 ಹಾಜರಿಯಷ್ಟು, ಇಳಿಯಿತು. ಕೆಲಸಕ್ಕೆ ಬಾರದ ದಿನ ಕೂಲಿ ಇಲ್ಲ ಅಂತ ಗೊತ್ತಿದ್ದೂ ಜನ ಬರಲಿಲ್ಲ. ಆದರೆ ಯಾರು ಎಷ್ಟು ಮಾಡುತ್ತಾರೆ ಅಂತ ಕಣ್ಣಿಗೆ ಕಾಣುವ ಕೆಲಸಗಳಲ್ಲಿ ಈ ಹೊಡೆತವೇ ಬೀಳಲಿಲ್ಲ. ಜಾಸ್ತಿ ಮಾಡಿದವರಿಗೆ ಜಾಸ್ತಿ ಸಿಕ್ಕಿತು ಅಂತ ಸುಮ್ಮನಾದರು.

ಅಂದರೆ ಜನರಿಗೆ ಚುಚ್ಚುವುದು ವ್ಯತ್ಯಾಸ ಅಲ್ಲ, ಕಾರಣ ಕಾಣದ ವ್ಯತ್ಯಾಸ. ಕಡಿಮೆ ಸಿಕ್ಕವರ ಮುಖ ನೋಡಿ ನೀವು ಕಾರಣ ಹೇಳಬಲ್ಲಿರಾದರೆ ವ್ಯತ್ಯಾಸ ಮಾಡಿ. ಹೇಳಲಾಗದಿದ್ದರೆ ಎಲ್ಲರಿಗೂ ಒಂದೇ ಕೊಡಿ. ನಾನು ಎರಡರ ನಡುವೆ ಆರಿಸುವಾಗ ಮೊದಲು ನೋಡುವುದು ಇದನ್ನೇ.

ದುಡ್ಡಿನಿಂದ ಹುಮ್ಮಸ್ಸು ಬರುತ್ತದಾ?

ಇದರ ಬಗ್ಗೆ ಜಗಳ ಅರ್ಧ ಶತಮಾನಕ್ಕಿಂತ ಹಳೆಯದು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಝ್‌ಬರ್ಗ್ 1959ರಲ್ಲಿ ಹೇಳಿದ್ದು, ಸಂಬಳ ಸಾಲದಿದ್ದರೆ ಜನ ಬೇಸರ ಪಡುತ್ತಾರೆ, ಸಾಕಷ್ಟು ಕೊಟ್ಟರೆ ಆ ಬೇಸರ ಹೋಗುತ್ತದೆ ಅಷ್ಟೇ, ಕೆಲಸದ ಮೇಲಿನ ಪ್ರೀತಿ ಬೇರೆ ಕಡೆಯಿಂದ ಬರಬೇಕು ಅಂತ. 1971ರಲ್ಲಿ ಎಡ್ವರ್ಡ್ ಡೆಸಿ ಕಾಲೇಜು ಹುಡುಗರಿಗೆ ಒಗಟಿನ ಆಟ ಕೊಟ್ಟು, ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು ನೋಡಿದರು. ದುಡ್ಡು ನಿಲ್ಲಿಸಿದ ಮೇಲೆ ಅವರು ಬಿಡುವಿನಲ್ಲಿ ಅದನ್ನು ಮುಟ್ಟುವುದು ಮೊದಲಿಗಿಂತ ಕಡಿಮೆಯಾಯಿತು. ಇವೆರಡನ್ನೂ ಹಿಡಿದುಕೊಂಡು ‘ದುಡ್ಡು ಮುಖ್ಯವಲ್ಲ’ ಅಂತ ಭಾಷಣ ಮಾಡುವ ಮಾಲೀಕರನ್ನು ನೋಡಿದ್ದೇನೆ. ಅವರ ಕಡೆ ಸಂಬಳ ಯಾವಾಗಲೂ ಕಡಿಮೆಯೇ ಇರುತ್ತದೆ, ಯಾಕೋ! ಸಂಬಳ ಸಾಲದೇ ಇರುವ ಜಾಗದಲ್ಲಿ ಹರ್ಝ್‌ಬರ್ಗ್ ಹೇಳಿದ ಮೊದಲರ್ಧವೇ ಇನ್ನೂ ಮುಗಿದಿಲ್ಲ.

ತಪ್ಪು ಅಳತೆ ಹಿಡಿದರೆ

ಕೆಲಸ ನೋಡಿ ಕೊಡುವಾಗ ಜನ ನೀವು ಬಯಸಿದ್ದನ್ನು ಮಾಡುವುದಿಲ್ಲ. ನೀವು ಅಳೆದದ್ದನ್ನು ಮಾಡುತ್ತಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕರಿಗೆ ಹೆಚ್ಚು ಹೆಚ್ಚು ಖಾತೆ ಮಾಡಿಸಬೇಕು ಅಂತ ಟಾರ್ಗೆಟ್ ಇತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೇ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರೊಳಗೆ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು.

ಶಿಕ್ಷಕರ ವಿಷಯ ಇನ್ನೂ ಕುತೂಹಲದ್ದು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮೂರು ವರ್ಷ ಗಣಿತದ ಶಿಕ್ಷಕರಿಗೆ, ಮಕ್ಕಳ ಅಂಕ ಏರಿದರೆ ವರ್ಷಕ್ಕೆ 15 ಸಾವಿರ ಡಾಲರ್‌ವರೆಗೆ ಬೋನಸ್ ಇಟ್ಟರು. ಒಟ್ಟಾರೆ ಫಲಿತಾಂಶ ಅಲುಗಾಡಲಿಲ್ಲ. ಆಂಧ್ರಪ್ರದೇಶದ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇಂಥದ್ದೇ ಪ್ರಯೋಗ ಮಾಡಿದರು. ಬೋನಸ್ ಸರಾಸರಿ ವರ್ಷದ ಸಂಬಳದ ಶೇಕಡಾ 3ರಷ್ಟು ಮಾತ್ರ. ಎರಡು ವರ್ಷದಲ್ಲಿ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಎದ್ದು ಕಾಣುವಷ್ಟು ಮುಂದೆ ಬಂದರು. ದೊಡ್ಡ ದುಡ್ಡು ಒಂದು ಕಡೆ ಸೋತಿತು, ಚಿಕ್ಕ ದುಡ್ಡು ಇನ್ನೊಂದು ಕಡೆ ಗೆದ್ದಿತು. ನನಗೆ ತೋಚುವುದು ಇಷ್ಟು: ಶಿಕ್ಷಕರು ಆಗಲೇ ತಮ್ಮ ಕೈಲಾದಷ್ಟು ಮಾಡುತ್ತಿದ್ದರೆ ದುಡ್ಡು ತೋರಿಸಿದರೂ ಹೆಚ್ಚು ಮಾಡಲು ದಾರಿ ಕಾಣುವುದಿಲ್ಲ. ಮಾಡುವುದಕ್ಕೆ ಜಾಗ ಇದ್ದು, ಯಾರೂ ಕೇಳದೇ ಇದ್ದ ಕಡೆ ಚಿಕ್ಕ ದುಡ್ಡೂ ‘ನಿಮ್ಮ ಕೆಲಸ ನೋಡುತ್ತಿದ್ದೇವೆ’ ಅಂತ ಹೇಳುತ್ತದೆ. ನಿಮ್ಮವರು ಯಾವ ಗುಂಪಿನವರು ಅಂತ ಯೋಚಿಸಿ. ಕೈಲಾದಷ್ಟು ಮಾಡುತ್ತಿರುವವರಿಗೆ ಬೇಕಾದದ್ದು ಒಳ್ಳೆಯ ಯಂತ್ರ, ಇನ್ನೊಬ್ಬ ಜೊತೆಗಾರ, ಇಲ್ಲಾ ತರಬೇತಿ ಇರಬಹುದು.

ಎಷ್ಟು ವ್ಯತ್ಯಾಸ? ಪೆನ್ನು ಹಿಡಿದು ನೋಡಿ

ಹತ್ತು ಜನ, ಒಬ್ಬೊಬ್ಬರಿಗೆ 40 ಸಾವಿರ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಒಟ್ಟು 4 ಲಕ್ಷ. ಏರಿಕೆಗೆ ಶೇಕಡಾ 8, ಅಂದರೆ 32 ಸಾವಿರ ಇದೆ. ಸಮ ಹಂಚಿದರೆ ತಲಾ 3,200.

ಕೆಲಸ ನೋಡಿ ಕೊಟ್ಟರೆ? ಮೇಲಿನ ಇಬ್ಬರಿಗೆ ಶೇಕಡಾ 12, ನಡುವಿನ ಆರು ಜನಕ್ಕೆ 8, ಕೆಳಗಿನ ಇಬ್ಬರಿಗೆ 4 ಅಂತ ಮಾಡೋಣ. ಮೇಲಿನವರಿಗೆ ತಲಾ 4,800, ನಡುವಿನವರಿಗೆ 3,200, ಕೆಳಗಿನವರಿಗೆ 1,600. ಒಟ್ಟು ಅದೇ 32 ಸಾವಿರ. ಇಡೀ ವರ್ಷ ಮೈ ಮುರಿದು ದುಡಿದವರಿಗೂ ಸುಮಾರಾಗಿ ದುಡಿದವರಿಗೂ ಇರುವ ವ್ಯತ್ಯಾಸ ತಿಂಗಳಿಗೆ 1,600. ಆನೆ ಬಾಯಿಗೆ ಅರೆಕಾಸಿನ ಮಜ್ಜಿಗೆ. ಅತುಲ್ ಮಿತ್ರಾ ಮತ್ತು ಸಂಗಡಿಗರು 1997ರಲ್ಲಿ ಮಾಡಿದ ಪ್ರಯೋಗದಲ್ಲಿ, ಏರಿಕೆ ಸುಮಾರು ಶೇಕಡಾ 7 ದಾಟಿದ ಮೇಲೆ ಮಾತ್ರ ಜನರಿಗೆ ಅದು ಏರಿಕೆ ಅನ್ನಿಸಿತು.

ಅದೇ ಹೊತ್ತಿಗೆ ಬೆಲೆಗಳು ಶೇಕಡಾ 6ರಷ್ಟು ಏರಿದ್ದರೆ, 4 ಪಡೆದ ಇಬ್ಬರ ಸಂಬಳ ನಿಜಕ್ಕೂ ಇಳಿದಿದೆ. ಲೆಟರಿನಲ್ಲಿ ಮಾತ್ರ ‘ಅಭಿನಂದನೆಗಳು’ ಅಂತ ಇರುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳದೇ ಹೋಗುತ್ತದೆ. ಮೂಲ ಸಂಬಳಕ್ಕೆ ಸೇರಿಸಿದ್ದು ಮತ್ತೆ ತೆಗೆಯಲು ಬರುವುದಿಲ್ಲ. ಒಬ್ಬರು ಒಂದೇ ವರ್ಷ ಅದ್ಭುತವಾಗಿ ಕೆಲಸ ಮಾಡಿ ಆ 1,600 ಹೆಚ್ಚು ಪಡೆದರು ಅಂದುಕೊಳ್ಳಿ. ಅದು ವರ್ಷಕ್ಕೆ 19,200. ಹತ್ತು ವರ್ಷಕ್ಕೆ 1 ಲಕ್ಷ 92 ಸಾವಿರ, ಮುಂದಿನ ಏರಿಕೆಗಳು ಅದರ ಮೇಲೆ ಬೇರೆ. ಒಂದು ವರ್ಷದ ದುಡಿಮೆಗೆ ಹತ್ತು ವರ್ಷ ಕಂತು ಕಟ್ಟಿದ ಹಾಗೆ. ಅಷ್ಟು ಕೊಟ್ಟರೂ ಪಡೆದವರಿಗೆ ಅದು ದೊಡ್ಡದು ಅನಿಸುವುದಿಲ್ಲ! ಅದರ ಬದಲು ಆ ವರ್ಷವೇ 40 ಸಾವಿರ, ಅಂದರೆ ಒಂದು ತಿಂಗಳ ಸಂಬಳವನ್ನು ಬೋನಸ್ ಅಂತ ಒಟ್ಟಿಗೆ ಕೊಟ್ಟಿದ್ದರೆ ಅವರಿಗೂ ನೆನಪಿರುತ್ತಿತ್ತು, ನಿಮಗೂ ಅಗ್ಗವಾಗುತ್ತಿತ್ತು.

ಹಾಗಾಗಿ ಇವೆರಡನ್ನೂ ಬೇರೆ ಮಾಡಿಕೊಳ್ಳಿ ಅನ್ನುವುದು ನನ್ನ ಸಲಹೆ. ಬೆಲೆ ಏರಿಕೆಗೆ, ಬೆಳೆದ ಅನುಭವಕ್ಕೆ ಮೂಲ ಸಂಬಳದಲ್ಲಿ ಏರಿಕೆ. ಈ ವರ್ಷ ಮಾಡಿದ ಕೆಲಸಕ್ಕೆ ಈ ವರ್ಷದ ಬೋನಸ್. ಜವಾಬ್ದಾರಿ ಬದಲಾದರೆ ಪ್ರಮೋಷನ್, ಅದಕ್ಕೆ ಬೇರೆ ಏರಿಕೆ. ಮೂರನ್ನೂ ಒಂದೇ ಶೇಕಡಾವಾರಿಗೆ ತುರುಕಿದರೆ ಅದು ಯಾವುದಕ್ಕೆ ಸಿಕ್ಕಿತು ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ.

ನಿಮ್ಮ ಜಾಗಕ್ಕೆ ಯಾವುದು?

ಐದಾರು ಜನರ ಅಂಗಡಿ ಅಥವಾ ಆಫೀಸು ನಡೆಸುವವರು ರೇಟಿಂಗ್ ಗೊಡವೆಗೆ ಹೋಗಬೇಡಿ. ಎಲ್ಲರಿಗೂ ಒಂದೇ ಏರಿಕೆ, ವರ್ಷದ ಲಾಭದಲ್ಲಿ ಒಂದು ಪಾಲು ಎಲ್ಲರಿಗೂ. ಒಬ್ಬರು ನಿಜಕ್ಕೂ ಬೇರೆಯವರಿಗಿಂತ ಬಹಳ ಮುಂದಿದ್ದರೆ ಅವರ ಹುದ್ದೆಯನ್ನೇ ಬದಲಿಸಿ, ಅದಕ್ಕೆ ತಕ್ಕ ಸಂಬಳ ಕೊಡಿ. ಕಾರಣ ಹೇಳುವುದು ಸುಲಭವಾಗುತ್ತದೆ.

ಸೇಲ್ಸ್‌ನವರಿಗೆ, ಪೀಸಿನ ಲೆಕ್ಕದಲ್ಲಿ ತಯಾರಿಸುವವರಿಗೆ ಕೆಲಸ ನೋಡಿ ಕೊಡುವುದೇ ಸರಿ. ಮನೆ ನಡೆಯುವಷ್ಟು ಖಚಿತ ಸಂಬಳ ಇರಲಿ, ಅದರ ಮೇಲೆ ಕಮಿಷನ್. ವಾಪಸ್ ಬಂದ ಮಾಲು, ರದ್ದಾದ ಆರ್ಡರ್ ಕಳೆದು ಲೆಕ್ಕ ಹಾಕಿ. ಅಮೆರಿಕದ ಲಿಂಕನ್ ಎಲೆಕ್ಟ್ರಿಕ್ ಪೀಸಿನ ಕೂಲಿಯನ್ನೂ, 1934ರಿಂದ ವರ್ಷದ ಬೋನಸನ್ನೂ ಜೊತೆಗೇ ನಡೆಸಿಕೊಂಡು ಬಂದದ್ದಕ್ಕೆ ಹೆಸರಾದ ಕಂಪನಿ. ಅಲ್ಲಿ ಬೋನಸ್ ಲೆಕ್ಕಕ್ಕೆ ಎಷ್ಟು ಮಾಡಿದರು ಅನ್ನುವುದರ ಜೊತೆ ಗುಣಮಟ್ಟ, ಹೊಂದಿಕೊಂಡು ಹೋಗುವುದು ಕೂಡ ಸೇರುತ್ತಿತ್ತು. ಕೆಲಸ ಕಡಿಮೆಯಾದ ಕಾಲದಲ್ಲೂ ಜನರನ್ನು ತೆಗೆಯುವುದಿಲ್ಲ ಅನ್ನುವ ಭರವಸೆಯೂ ಇತ್ತು. ಆ ಭರವಸೆ ಬಿಟ್ಟು ಬರೀ ಪೀಸಿನ ಕೂಲಿಯನ್ನು ನಕಲು ಮಾಡಿದರೆ ಅದೇ ಫಲ ಸಿಗುತ್ತದೆ ಅಂತ ನನಗನಿಸುವುದಿಲ್ಲ.

ಆಸ್ಪತ್ರೆಯ ವಾರ್ಡು, ಅಡುಗೆಮನೆ, ಸಾಫ್ಟ್‌ವೇರ್ ಟೀಮು, ಇಲ್ಲೆಲ್ಲ ಒಬ್ಬರ ಕೆಲಸ ಇನ್ನೊಬ್ಬರ ಕೈಯಲ್ಲಿ ಮುಗಿಯುತ್ತದೆ. ಇಂಥ ಕಡೆ ಮೂಲ ಸಂಬಳದಲ್ಲಿ ಸಮಾನ ಏರಿಕೆ, ಮೇಲೆ ಇಡೀ ಟೀಮಿಗೆ ಒಂದು ಬೋನಸ್ ಇಡಬಹುದು. ಟೀಮು ಚಿಕ್ಕದಿರಬೇಕು. ಎಂಟು ಹತ್ತು ಜನರಲ್ಲಿ ಯಾರು ಕೈ ಕಟ್ಟಿ ಕೂತಿದ್ದಾರೆ ಅಂತ ಉಳಿದವರಿಗೆ ಗೊತ್ತಾಗುತ್ತದೆ. ಇನ್ನೂರು ಜನರ ‘ಟೀಮ್ ಬೋನಸ್’ ಮಳೆಯ ಹಾಗೆ. ಬಂದರೆ ಬಂತು, ಯಾರ ಕೈಯಲ್ಲೂ ಇಲ್ಲ.

ದೊಡ್ಡ ಸಂಸ್ಥೆಯಲ್ಲಿದ್ದು ರೇಟಿಂಗ್ ತಪ್ಪಿಸಲು ಆಗದಿದ್ದರೆ ಕೊನೆಪಕ್ಷ ನಡುವಿನವರನ್ನು ಅರೆಪಾಯಿಂಟ್ ಲೆಕ್ಕದಲ್ಲಿ ಸೀಳಬೇಡಿ. 7.5, 8, 8.5 ಅಂತ ಕೊಟ್ಟರೆ ಸಿಗುವ ಹುಮ್ಮಸ್ಸು ಸೊನ್ನೆ, ಬರುವ ತಲೆನೋವು ಪೂರ್ತಿ. ಎಲ್ಲರಿಗೂ ಒಂದೇ ಕೊಟ್ಟು, ಯಾರೂ ಅಲ್ಲಗಳೆಯಲಾಗದಷ್ಟು ಚೆನ್ನಾಗಿ ಮಾಡಿದ ಒಂದಿಬ್ಬರಿಗೆ ಎದ್ದು ಕಾಣುವಷ್ಟು ಕೊಡಿ. ಯಾರು ಆ ಒಂದಿಬ್ಬರು ಅಂತ ಟೀಮಿನವರನ್ನು ಬೇರೆ ಬೇರೆಯಾಗಿ ಕೇಳಿ ನೋಡಿ. ಹೆಸರು ಹೆಚ್ಚುಕಮ್ಮಿ ಒಂದೇ ಬರುತ್ತದೆ. ಬಾರದಿದ್ದರೆ ಆ ವರ್ಷ ಯಾರಿಗೂ ಬೇಡ.

ತೀರಾ ಕೆಳಗಿರುವವರ ಮಾತು ಬೇರೆ. ಕೆಲಸ ಮಾಡದವರನ್ನು ಶೇಕಡಾ ಎರಡು ಕಡಿಮೆ ಕೊಟ್ಟು ಸರಿ ಮಾಡುತ್ತೇವೆ ಅನ್ನುವುದು ಮ್ಯಾನೇಜರ್ ಮಾತಾಡುವುದನ್ನು ತಪ್ಪಿಸಿಕೊಳ್ಳುವ ದಾರಿ. ಅವರ ಜೊತೆ ಕೂತು ಮಾತಾಡಬೇಕಾದದ್ದು ಹೈಕಿನ ವಾರದಲ್ಲಿ ಅಲ್ಲ, ಆರು ತಿಂಗಳ ಮೊದಲು.

ಹೇಳುವ ದಿನ

ಪದ್ಧತಿ ಯಾವುದೇ ಇರಲಿ, ನಿಯಮವನ್ನು ವರ್ಷದ ಶುರುವಿನಲ್ಲೇ ಹೇಳಿ. ಕೊನೆಯಲ್ಲಿ ಹೇಳಿದ ನಿಯಮ ಯಾರಿಗೋ ಬೇಕಂತಲೇ ಮಾಡಿದ್ದು ಅಂತಲೇ ಕಾಣುತ್ತದೆ. ಲೆಟರನ್ನು ಮೇಲ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ, ಹತ್ತು ನಿಮಿಷ ಎದುರು ಕೂರಿ. ಕಡಿಮೆ ಸಿಕ್ಕವರಿಗೆ ಮೊದಲು ಹೇಳಿ. ನನ್ನ ಅನುಭವದಲ್ಲಿ ಜಾಸ್ತಿ ಸಿಕ್ಕವರ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಹೀಗೆ ಕೂತಾಗ ಒಂದು ಸಲ ಒಬ್ಬರು ಲೆಟರ್ ಓದಿ, ಮಡಚಿ, ಮೆಲ್ಲಗೆ ಕೇಳಿದರು. ‘ಸರ್, ಮುಂದಿನ ವರ್ಷ ನಾನೂ ಅವರಷ್ಟೇ ತಗೋಬೇಕು ಅಂದ್ರೆ ಈಗ ಮಾಡ್ತಿರೋದಕ್ಕಿಂತ ಬೇರೆ ಏನು ಮಾಡ್ಬೇಕು ಹೇಳಿ.’ ಕೋಪದಿಂದ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು, ಕೈಯಲ್ಲಿ ಪೆನ್ನು ಕೂಡ ಹಿಡಿದಿದ್ದರು. ನಾನು ಇನ್ನಷ್ಟು ಮುಂದಾಳತ್ವ, ಇನ್ನಷ್ಟು ಆಸಕ್ತಿ ಅಂತ ಏನೇನೋ ಹೇಳಿದೆ. ಅವರು ಒಂದು ಪದವನ್ನೂ ಬರೆದುಕೊಳ್ಳಲಿಲ್ಲ, ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಮರುದಿನ ಎಚ್‌ಆರ್‌ನವರಿಗೆ ಫೋನ್ ಮಾಡಿ ಅವರ ಹೈಕನ್ನು ಉಳಿದವರ ಸಮಕ್ಕೆ ತರಲು ಹೇಳಿದೆ. ‘ಕಾರಣ ಏನಂತ ಹಾಕ್ಲಿ?’ ಅಂತ ಕೇಳಿದರು. ‘ಕಡಿಮೆ ಕೊಡೋಕೆ ಕಾರಣ ಸಿಗಲಿಲ್ಲ ಅಂತ ಹಾಕಿ’ ಅಂದೆ.